ಗುಂಡಿ ತೆಗೆಯೋರು ಯಾರು?

ಮಾರ್ಚ್ ತಿಂಗಳ ಒಂದು ಭಾನುವಾರ ಅಪ್ಪ ಊರಿಂದ ಫೋನ್ ಮಾಡಿದ್ದರು. ಗೋಡಂಬಿ ಹೂವು, ತಮ್ಮನ ಬೈಕಿನ ಕಂತು, ಪಕ್ಕದ ಮನೆ ಮದುವೆ ಎಲ್ಲ ಆದ ಮೇಲೆ ಕೊನೆಗೆ ಅಸಲು ವಿಷಯಕ್ಕೆ ಬಂದರು.

"ಸಂಡಾಸದ ಎರಡನೇ ಗುಂಡಿನೂ ತುಂಬಾಕ ಬಂದೈತಿ. ಮೊದಲನೇದು ಖಾಲಿ ಮಾಡಸಬೇಕು. ಬೆಳಗಾಂವದಾಗ ಯಾರರ ಸಿಗ್ತಾರೇನು ನೋಡು."

ನಮ್ಮೂರು ಖಾನಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾನು ಚಿಕ್ಕವನಿದ್ದಾಗ ಎಲ್ಲರೂ ತಂಬಿಗಿ ಹಿಡ್ಕೊಂಡು ಬಯಲಿಗೇ ಹೋಗ್ತಿದ್ದೆವು. ಕೆಲವು ವರ್ಷದ ಹಿಂದೆ ಸರ್ಕಾರದ ಸಹಾಯಧನದಲ್ಲಿ ಎರಡು ಗುಂಡಿಯ ಕಕ್ಕಸು ಬಂತು. ಅದರ ಲೆಕ್ಕಾಚಾರ ಸರಳ. ಒಂದು ಗುಂಡಿ ತುಂಬಿದರೆ ಅದನ್ನ ಮುಚ್ಚಿ ಇನ್ನೊಂದಕ್ಕೆ ನೀರು ತಿರುಗಿಸಬೇಕು. ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಗೊಬ್ಬರ ಆಗುತ್ತೆ, ತೆಗೆದು ಹೊಲಕ್ಕೆ ಹಾಕಬಹುದು. ನಮ್ಮ ಮೊದಲನೇ ಗುಂಡಿ ಮುಚ್ಚಿ ಮೂರು ವರ್ಷ ದಾಟಿತ್ತು. "ಅದು ಈಗ ಬರೀ ಮಣ್ಣು ಅಪ್ಪಾ, ನೀವೇ ತೆಗೀಬಹುದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅದು ನಮ್ಮ ಕೆಲಸ ಅಲ್ಲಲ್ಲಪಾ" ಅಂದರು.

ಯಾರ ಕೆಲಸ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಆ ಗೊತ್ತಿರೋದು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ ಸಿಕ್ಕ ಕಥೆ ಇದು. ಇದರಲ್ಲಿ ಬೆಳಗಾವಿ ಇದೆ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಇದೆ, ಒಬ್ಬ ಮಂತ್ರಿ ಇದ್ದಾರೆ, ಕಾನೂನಿನ ಒಂದು ಸಾಲಿನ ವ್ಯಾಖ್ಯಾನವೂ ಇದೆ.

ಮೊದಲು ಬೆಳಗಾವಿ. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಇದನ್ನ ಬೆಳಗಾವಿಯ ಪ್ರತಿ ಶಾಲೆಯ ಹುಡುಗನೂ ಬಾಯಿಪಾಠ ಒಪ್ಪಿಸ್ತಾನೆ. ಟಿಳಕವಾಡಿಯಲ್ಲಿ ಎದ್ದ ಆ ಡೇರೆಗಳ ಊರಿಗೆ ವಿಜಯನಗರ ಅಂತ ಹೆಸರಿಟ್ಟಿದ್ದರು. ಸಾವಿರಾರು ಜನರಿಗೆ ನೀರು ಬೇಕಲ್ಲ, ಅದಕ್ಕೆ ಅಂತ ಒಂದು ಬಾವಿ ತೋಡಿಸಿದರು. ಪಂಪಾ ಸರೋವರ ಅಂತ ಕರೆದ ಆ ಬಾವಿ ಇವತ್ತಿಗೂ ಇದೆ, ಊರವರು ಕಾಂಗ್ರೆಸ್ ಬಾವಿ ಅಂತಾರೆ. ಅದಕ್ಕೆ ಆದ ಖರ್ಚು 4,370 ರೂಪಾಯಿ 3 ಆಣೆ ಅನ್ನೋದೂ ಊರಿನ ನೆನಪಲ್ಲಿ ಉಳಿದಿದೆ. 2024ರಲ್ಲಿ ಶತಮಾನೋತ್ಸವ ಆದಾಗ ಬೆಳಗಾವಿಯ ರಸ್ತೆ ರಸ್ತೆಗೂ ಮೈಸೂರು ದಸರಾ ಥರ ದೀಪ ಹಾಕಿದ್ದರು. ನಾನೂ ಹೋಗಿ ಫೋಟೋ ತೆಗೆಸಿಕೊಂಡೆ.

ಕುಡಿಯೋ ನೀರಿನ ಲೆಕ್ಕ ಮೂರು ಆಣೆವರೆಗೂ ನೆನಪಿದೆ. ಅದೇ ಸಾವಿರಾರು ಜನ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ತಿದ್ದರು ಅನ್ನೋದನ್ನ ಯಾವ ಫಲಕವೂ ಹೇಳಲ್ಲ. ಆದರೆ ಗಾಂಧೀಜಿ ಅದನ್ನ ಗಮನಿಸದೇ ಬಿಡೋ ಮನುಷ್ಯ ಅಲ್ಲ. 1901ರ ಕಲ್ಕತ್ತಾ ಅಧಿವೇಶನದಲ್ಲಿ ಕಕ್ಕಸುಗಳ ಸ್ಥಿತಿ ನೋಡಿ, ಸ್ವಯಂಸೇವಕರು ಅದು ತಮ್ಮ ಕೆಲಸ ಅಲ್ಲ ಅಂದಾಗ, ತಾವೇ ಪೊರಕೆ ಹಿಡಿದಿದ್ದನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಬೆಳಗಾವಿ ಅಧಿವೇಶನ ಮುಗಿದ ಮೇಲೆ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅನುಭವ ಬರೀತಾ ಗಂಗಾಧರರಾವ್ ದೇಶಪಾಂಡೆಯವರ ವ್ಯವಸ್ಥೆಯನ್ನ ಬಾಯಿತುಂಬ ಹೊಗಳಿದರು. ಹೊಗಳಿಕೆ ನಡುವೆಯೇ ಒಂದು ತಕರಾರನ್ನೂ ಇಟ್ಟರು: ನೈರ್ಮಲ್ಯದ ಏರ್ಪಾಡು ಚೆನ್ನಾಗಿದ್ದರೂ ಇನ್ನಷ್ಟು ವೈಜ್ಞಾನಿಕ ಆಗಬೇಕು, ಕೊಳಚೆ ನೀರು ಹೊರಹಾಕೋ ರೀತಿಯಂತೂ ತೀರಾ ಹಳೇ ಕಾಲದ್ದು. ನೂರು ವರ್ಷದ ಹಿಂದೆ ಬೆಳಗಾವಿಗೆ ಸಿಕ್ಕ ಈ ರಿವ್ಯೂ ಕಾಮೆಂಟ್ ಇನ್ನೂ ಕ್ಲೋಸ್ ಆಗಿಲ್ಲ. ಬಳ್ಳಾರಿ ನಾಲಾ ಪಕ್ಕದಲ್ಲಿ ಒಮ್ಮೆ ಮೂಗು ಬಿಟ್ಟು ನಿಂತರೆ ನಿಮಗೂ ಗೊತ್ತಾಗುತ್ತೆ.

ಆ ಕಾಲದ ಊರುಗಳಲ್ಲಿ ಮಾಮೂಲಿ ವ್ಯವಸ್ಥೆ ಹೇಗಿತ್ತು? ಫ್ಲಶ್ ಅನ್ನೋದು ಕೆಲವೇ ದೊಡ್ಡ ಮನೆಗಳ ವಿಷಯ. ಉಳಿದವರಿಗೆ ಒಣ ಕಕ್ಕಸು. ಎರಡು ಕಲ್ಲು, ಕೆಳಗೆ ಡಬ್ಬಿ ಅಥವಾ ಬುಟ್ಟಿ, ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ಬಾಗಿಲು. ಆ ಬಾಗಿಲು ತೆರೆಯೋದು ಹಿಂದಿನ ಕಿರಿದಾದ ಓಣಿಗೆ. ಬೆಳಗಿನ ಜಾವ ಆ ಓಣಿಯಲ್ಲಿ ಬರುವ ಹೆಂಗಸು ಅಥವಾ ಗಂಡಸು ತಗಡು, ಪೊರಕೆಯಿಂದ ಎಲ್ಲ ಬಳಿದು ಬುಟ್ಟಿಗೆ ತುಂಬಿ ತಲೆ ಮೇಲೆ ಹೊತ್ತು ಗಾಡಿಗೆ ಸುರಿಯಬೇಕು. ಬೆಂಗಳೂರಲ್ಲಿರೋರಿಗೆ ಮಲ್ಲೇಶ್ವರ, ಬಸವನಗುಡಿಯ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು ಗೊತ್ತಿರಬೇಕು. ಈಗ ಅಲ್ಲಿ ಬೈಕ್ ನಿಲ್ಲಿಸ್ತೀವಿ, ಕೆಲವು ಕಡೆ ಗೋಡೆಗೆ ಚಂದದ ಚಿತ್ರ ಬರೆದಿದ್ದಾರೆ. ಆ ಗಲ್ಲಿ ಇದ್ದಿದ್ದೇ ಮಲ ಹೊರುವವರು ಮುಂಬಾಗಿಲ ರಸ್ತೆಯಲ್ಲಿ ಕಾಣಬಾರದು ಅಂತ. ನಗರದ ನಕ್ಷೆ ಬರೆಯುವಾಗಲೇ ಜಾತಿಗೆ ಒಂದು ಲೇನ್ ಕೊಟ್ಟಿದ್ದರು.

ಹಾಗೆ ಹೊತ್ತು ತಂದಿದ್ದನ್ನ ಏನು ಮಾಡೋದು ಅನ್ನೋದು ಆ ಕಾಲದ ದೊಡ್ಡ ವೈಜ್ಞಾನಿಕ ಪ್ರಶ್ನೆ. ಗಾಂಧೀಜಿ ಇಂಗ್ಲೆಂಡಿನ ಡಾ. ಪೂರ್ ಅನ್ನುವವರ ಬರಹವನ್ನ ಮತ್ತೆ ಮತ್ತೆ ನೆನೆಯುತ್ತಿದ್ದರು. ಮಲವನ್ನ ಆಳಕ್ಕೆ ಹೂಳಬೇಡಿ, ಮೇಲಿನ ಒಂದಡಿ ಮಣ್ಣಲ್ಲೇ ಮುಚ್ಚಿ, ಜೀವಾಣುಗಳು ಇರೋದು ಅಲ್ಲೇ, ಅವೇ ಅದನ್ನ ಗೊಬ್ಬರ ಮಾಡ್ತವೆ ಅನ್ನೋದು ಅದರ ಸಾರ. ಇದನ್ನ ನಮ್ಮ ಗಡಿಭಾಗದ ಮರಾಠಿಯಲ್ಲಿ ಸೋನಖತ ಅಂತಾರೆ, ಅಂದರೆ ಚಿನ್ನದ ಗೊಬ್ಬರ. ಬೆಳಗಾವಿ ಅಧಿವೇಶನ ನಡೆದ ಅದೇ 1924ರಲ್ಲಿ ಇಂದೋರಿನಲ್ಲಿ ಸಸ್ಯೋದ್ಯಮ ಸಂಸ್ಥೆ ಶುರುವಾಯಿತು. ಅಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಕೃಷಿ ತ್ಯಾಜ್ಯವನ್ನ ಪದರ ಪದರವಾಗಿ ಪೇರಿಸಿ, ಆಗಾಗ ತಿರುವಿ ಹಾಕಿ ಕಾಂಪೋಸ್ಟ್ ಮಾಡೋ 'ಇಂದೋರ್ ಪದ್ಧತಿ'ಯನ್ನ ರೂಪಿಸಿ 1931ರಲ್ಲಿ ಪುಸ್ತಕ ತಂದರು.

ಈಗ ನಮ್ಮ ಬೆಂಗಳೂರಿನ ಪಾಲು. 1916ರಲ್ಲಿ ಗಿಲ್ಬರ್ಟ್ ಫೌಲರ್ ಅನ್ನೋ ರಸಾಯನಶಾಸ್ತ್ರಜ್ಞ ಮ್ಯಾಂಚೆಸ್ಟರ್ ಬಿಟ್ಟು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡಿಸೋ ವಿಧಾನ ಹುಟ್ಟಿತ್ತು. ಅದರ ಹಿಂದಿದ್ದ ಗುರು ಇವರು. ಇವತ್ತು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ರಾತ್ರಿಯೆಲ್ಲ ಗುಂಯ್‌ಗುಟ್ಟೋ ಎಸ್‌ಟಿಪಿ ಬಹುತೇಕ ಅದೇ ತತ್ವದ ಮೊಮ್ಮಗ. ಫೌಲರ್ ಬೆಂಗಳೂರಿಗೆ ಬಂದ ಮೇಲೆ ಮಲ, ಕಸವನ್ನ ಗೊಬ್ಬರವಾಗಿಸೋ ಸಂಶೋಧನೆ ಇಲ್ಲೂ ಬೇರು ಬಿಟ್ಟಿತು. 1939ರ ಹೊತ್ತಿಗೆ ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಮಾಡಿದ ಪ್ರಯೋಗಗಳಿಂದ ಒಂದು ಪದ್ಧತಿ ಹೊರಬಂತು. ಜಗತ್ತಿನ ನೈರ್ಮಲ್ಯದ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು 'ಬೆಂಗಳೂರು ಪದ್ಧತಿ'. ಸಾಫ್ಟ್‌ವೇರ್‌ಗೆ ಮುಂಚೆ ಬೆಂಗಳೂರು ಜಗತ್ತಿಗೆ ಕೊಟ್ಟ ರಫ್ತು ಇದು. ಎಂಬಿಬಿಎಸ್ ಓದಿದ ನನ್ನ ಗೆಳೆಯನಿಗೆ ಗೊತ್ತಿತ್ತು, ಬಿಇ ಓದಿದ ನನಗೆ ಗೊತ್ತಿರಲಿಲ್ಲ.

ಪದ್ಧತಿ ಹೀಗಿದೆ. ಊರಿಂದ ಕನಿಷ್ಠ 800 ಮೀಟರ್ ಆಚೆ 3 ಅಡಿ ಆಳದ, 5ರಿಂದ 8 ಅಡಿ ಅಗಲದ, 15ರಿಂದ 30 ಅಡಿ ಉದ್ದದ ಕಂದಕ ತೋಡಬೇಕು. ತಳದಲ್ಲಿ 15 ಸೆಂಟಿಮೀಟರ್ ಊರ ಕಸ. ಮೇಲೆ 5 ಸೆಂಟಿಮೀಟರ್ ಮಲ. ಮತ್ತೆ ಕಸ, ಮತ್ತೆ ಮಲ. ನೆಲಕ್ಕಿಂತ ಒಂದಡಿ ಎತ್ತರ ಆಗೋವರೆಗೂ ಪೇರಿಸಿ, ಕೊನೆಗೆ ದಪ್ಪಗೆ ಕಸ ಹಾಕಿ ಮಣ್ಣು ಮುಚ್ಚಬೇಕು. ಒಂದು ವಾರದೊಳಗೆ ಒಳಗಿನ ಬಿಸಿ 60 ಡಿಗ್ರಿ ದಾಟುತ್ತೆ. ಎರಡು ಮೂರು ವಾರ ಆ ಕಾವು ನಿಲ್ಲುತ್ತೆ. ಕಾಲರಾ, ಆಮಶಂಕೆಯ ರೋಗಾಣು, ಹುಳದ ಮೊಟ್ಟೆಗಳನ್ನ ಸಾಯಿಸೋದು ಆ ಕಾವೇ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ, ಕಪ್ಪು ಮಣ್ಣಿನಂಥ ಗೊಬ್ಬರ ರೆಡಿ. ಇಂದೋರ್ ಪದ್ಧತಿಯ ಹಾಗೆ ನಡುವೆ ತಿರುವಿ ಹಾಕೋ ಕೆಲಸ ಇಲ್ಲ. 1940ರ ದಶಕದಲ್ಲಿ, ಯುದ್ಧ ಮತ್ತು ಆಹಾರದ ಅಭಾವದ ಕಾಲದಲ್ಲಿ, 'ಹೆಚ್ಚು ಆಹಾರ ಬೆಳೆಯಿರಿ' ಅನ್ನೋ ಆಂದೋಲನದ ಜೊತೆ ಇದು ದೇಶದ ಅನೇಕ ಪುರಸಭೆಗಳಿಗೆ ಹಬ್ಬಿತು.

ಓದ್ತಾ ಓದ್ತಾ ನನಗೆ ಖುಷಿಯಾಗಿತ್ತು. ಎಂಥಾ ಅಚ್ಚುಕಟ್ಟಾದ ಇಂಜಿನಿಯರಿಂಗ್! ಇನ್‌ಪುಟ್, ಔಟ್‌ಪುಟ್, ಉಷ್ಣತೆ, ಅವಧಿ ಎಲ್ಲ ಸ್ಪಷ್ಟ. ಎರಡನೇ ಸಲ ಓದುವಾಗ ಮಾತ್ರ ಒಂದು ಸಾಲು ಚುಚ್ಚಿತು: "ಮೇಲೆ 5 ಸೆಂಟಿಮೀಟರ್ ಮಲ." ಕಂದಕದ ಅಳತೆ ಇದೆ, ಕಾವಿನ ಅಳತೆ ಇದೆ. ಆ ಮಲವನ್ನ ಮನೆಯ ಹಿಂಬಾಗಿಲಿಂದ 800 ಮೀಟರ್ ಆಚೆಗೆ ತಂದವರು ಯಾರು, ಅದನ್ನ ಸಮನಾಗಿ 5 ಸೆಂಟಿಮೀಟರ್ ಹರಡಿದ ಕೈ ಯಾರದು, ಅವರ ಕಾಲಲ್ಲಿ ಚಪ್ಪಲಿ ಇತ್ತಾ ಅನ್ನೋದು ಅದರಲ್ಲಿಲ್ಲ. ನಮ್ಮ ಡಿಸೈನ್ ಡಾಕ್ಯುಮೆಂಟ್‌ಗಳಲ್ಲಿ ಒಂದು ಬಾಣದ ಗುರುತು ಹಾಕಿ 'ಇಲ್ಲಿಂದ ಇಲ್ಲಿಗೆ ಡೇಟಾ ಬರುತ್ತೆ' ಅಂತ ಬರೆದುಬಿಡ್ತೀವಲ್ಲ, ಅದೇ ರೀತಿ. ಆ ಬಾಣ ಒಬ್ಬ ಮನುಷ್ಯ.

ಇದನ್ನ ಆ ಕಾಲದಲ್ಲೇ ಕೆಲವರು ಕಂಡಿದ್ದರು. ನಮ್ಮ ಖಾನಾಪುರದ ಘಟ್ಟ ಇಳಿದು ಕೊಂಕಣಕ್ಕೆ ಹೋದರೆ ಕಣಕವಲಿ ಅನ್ನೋ ಊರು ಸಿಗುತ್ತೆ. ಅಲ್ಲಿಯ ಅಪ್ಪಾಸಾಹೇಬ ಪಟವರ್ಧನ ಹುಟ್ಟಿನಿಂದ ಬ್ರಾಹ್ಮಣರು. 1932ರಲ್ಲಿ ರತ್ನಾಗಿರಿ ಜೈಲಿನಲ್ಲಿದ್ದಾಗ ತಮಗೆ ಕಕ್ಕಸು ಬಳಿಯೋ ಕೆಲಸ ಕೊಡಿ ಅಂತ ಕೇಳಿದರು. ಜೈಲಿನವರು ಕೊಡಲಿಲ್ಲ, ಅದಕ್ಕೆ ಬೇರೆ ಜಾತಿಯವರು ಇದ್ದಾರಲ್ಲ! ಅವರು ಉಪವಾಸ ಕೂತರು, ಯರವಡಾ ಜೈಲಿನಲ್ಲಿದ್ದ ಗಾಂಧೀಜಿಯೂ ಆ ಡಿಸೆಂಬರ್‌ನಲ್ಲಿ ಅವರ ಬೆಂಬಲಕ್ಕೆ ಉಪವಾಸ ಹಿಡಿದರು. ಮುಂದೆ 1948ರಲ್ಲಿ ಅಪ್ಪಾಸಾಹೇಬರು ಕಣಕವಲಿಯಲ್ಲಿ ಗೋಪುರಿ ಆಶ್ರಮ ಕಟ್ಟಿ, ಯಾರೂ ಹಸಿ ಮಲ ಮುಟ್ಟದೇ ಅದು ಅಲ್ಲೇ ಗೊಬ್ಬರವಾಗುವಂಥ ಅಗ್ಗದ ಕಕ್ಕಸುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು.

ಅಂಬೇಡ್ಕರ್ ಮಾತ್ರ ಈ ಹಾದಿಯನ್ನೇ ಪ್ರಶ್ನಿಸಿದರು. ಮಲ ಬಳಿಯೋದು ಪವಿತ್ರ ಸೇವೆ ಅಂತ ಹಾಡಿ ಹೊಗಳೋದರಿಂದ ಅದನ್ನ ಹುಟ್ಟಿನಿಂದ ಮಾಡಬೇಕಾದವನಿಗೆ ಬಿಡುಗಡೆ ಸಿಗಲ್ಲ, ಅವನನ್ನ ಅಲ್ಲೇ ಕೂರಿಸೋಕೆ ಅದೂ ಒಂದು ಉಪಾಯ ಆಗುತ್ತೆ ಅನ್ನೋದು 1945ರ ಅವರ ಪುಸ್ತಕದ ವಾದದ ಒಂದು ಎಳೆ. ಅಪ್ಪಾಸಾಹೇಬರು ಪೊರಕೆ ಹಿಡಿದದ್ದು ತಾವೇ ಆರಿಸಿಕೊಂಡು. ಆಯ್ಕೆಯೇ ಇಲ್ಲದವರ ಕೈಯಲ್ಲಿರೋ ಅದೇ ಪೊರಕೆ ಬೇರೆ ವಸ್ತು. ಈ ಎರಡು ಮಾತನ್ನ ಒಟ್ಟಿಗೆ ಇಟ್ಟುಕೊಳ್ಳದೇ ಪರಿಸರಸ್ನೇಹಿ ಕಕ್ಕಸಿನ ಬಗ್ಗೆ ಮಾತಾಡೋಕಾಗಲ್ಲ ಅಂತ ನನಗನಿಸುತ್ತೆ.

ಕರ್ನಾಟಕದಲ್ಲಿ ಆ ಬುಟ್ಟಿಯನ್ನ ತಲೆಯಿಂದ ಇಳಿಸೋ ಆದೇಶ ಬಂದದ್ದು 1970ರ ದಶಕದಲ್ಲಿ. ದೇವರಾಜ ಅರಸು ಅವರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ಬಸವಲಿಂಗಪ್ಪ ಅಂದರೆ ನಮಗೆ ನೆನಪಾಗೋದು ಬೂಸಾ ಪ್ರಕರಣ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ ರಾಜ್ಯವೆಲ್ಲ ಗಲಾಟೆಯಾಗಿ ಮಂತ್ರಿಗಿರಿ ಬಿಡಬೇಕಾಯಿತು. ಸಾಹಿತ್ಯವನ್ನ ಬೂಸಾ ಅಂದದ್ದಕ್ಕೆ ಬೀದಿಗೆ ಬಂದ ಹುಡುಗರು, ಮಲ ಹೊರೋದು ನಿಲ್ಲಲಿ ಅಂತ ಅಷ್ಟೇ ಸಂಖ್ಯೆಯಲ್ಲಿ ಯಾವತ್ತಾದರೂ ಬೀದಿಗೆ ಬಂದಿದ್ದರಾ? ಆ ಒಂದು ಪದದ ಬಗ್ಗೆ ಶಾಲೆ-ಕಾಲೇಜಲ್ಲಿ ಕೇಳಿದ್ದೆ. ಆ ಆದೇಶದ ಬಗ್ಗೆ ಕೇಳಿದ್ದು ಮೂವತ್ತು ದಾಟಿದ ಮೇಲೆ. 1976ರಲ್ಲಿ ಐ. ಪಿ. ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಎಷ್ಟು ಜನಸಂಖ್ಯೆಗೆ ಎಷ್ಟು ಪೌರಕಾರ್ಮಿಕರು ಬೇಕು ಅನ್ನೋ ಚರ್ಚೆಯಲ್ಲಿ ಇವತ್ತಿಗೂ ಆ ವರದಿಯ ಹೆಸರು ಬರುತ್ತೆ.

ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅದನ್ನ ತನ್ನಿ ಅಂತ ನಿರ್ಣಯ ಮಾಡಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಕಾಯ್ದೆಯ ವ್ಯಾಖ್ಯಾನದಲ್ಲಿ ನನಗೆ ತುಂಬ ಕುತೂಹಲದ ಒಂದು ಸಾಲು ಸಿಕ್ಕಿತು. ಒಣ ಕಕ್ಕಸು ಅಂದರೆ ಏನು? ನೀರಿನ ಸೀಲ್ ಇಲ್ಲದ ಯಾವುದೇ ಕಕ್ಕಸು. ಅಂದರೆ ಬೇಸಿನ್ನಿನ ಕೆಳಗೆ ಬಾತುಕೋಳಿ ಕತ್ತಿನಂತೆ ಬಾಗಿರೋ ಕೊಳವೆಯಲ್ಲಿ ನಿಲ್ಲೋ ಆ ನೀರೇ ಕಾನೂನಿನ ಗಡಿ. ನೀರಿದ್ದರೆ ಸರಿ, ಇಲ್ಲದಿದ್ದರೆ ಅಪರಾಧ. ಇದರ ಪ್ರಕಾರ ಜಗತ್ತಿನ ಅತಿ ಸುರಕ್ಷಿತ ಕಾಂಪೋಸ್ಟ್ ಕಕ್ಕಸು ಕೂಡ ಕಾಗದದ ಮೇಲೆ ನಿಷಿದ್ಧ. ಇನ್ನೊಂದು ಕಡೆ, ಒಬ್ಬ ಮನುಷ್ಯ ಇಳಿದು ಉಸಿರುಗಟ್ಟಿ ಸಾಯುವಂಥ ಸೆಪ್ಟಿಕ್ ಟ್ಯಾಂಕ್ ಇದ್ದರೂ ಮೇಲೆ ನೀರಿನ ಸೀಲ್ ಇದೆಯಲ್ಲ, ಆ ಕಕ್ಕಸು ಕಾನೂನುಬದ್ಧ.

ಕಾನೂನು ಬಂದು 17 ವರ್ಷ ಆದಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಕಚೇರಿ ಎದುರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಇದ್ದ ಜಾಗದಿಂದ ಅವರನ್ನ ಎಬ್ಬಿಸೋಕೆ ಹೊರಟಿದ್ದರು. ಮಲ ಹೊರುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಹೇಳ್ತಾ ಬಂದಿದ್ದ ರಾಜ್ಯ ಟಿವಿಯಲ್ಲಿ ಅದನ್ನ ನೋಡಿತು. ಆ ವರ್ಷ ನಾನು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದೆ. ಮೆಸ್ಸಿನ ಟಿವಿಯಲ್ಲಿ ಸುದ್ದಿ ಬಂದಾಗ ಊಟ ಮಾಡ್ತಿದ್ದವರು ಯಾರೋ "ಚಾನೆಲ್ ಬದಲಾಯಿಸೋ" ಅಂದರು. ಬದಲಾಯಿಸಿದೆವು.

2013ರ ಹೊಸ ಕಾಯ್ದೆ ಗಡಿಯನ್ನ ಬೇರೆ ಕಡೆ ಎಳೆಯಿತು. ಈಗ ಪ್ರಶ್ನೆ ನೀರಿನದ್ದಲ್ಲ. ಮಲ ಪೂರ್ತಿ ಕೊಳೆತು ಮಣ್ಣಾಗೋ ಮೊದಲು ಮನುಷ್ಯರು ಅದನ್ನ ಕೈಯಿಂದ ಮುಟ್ಟಬೇಕಾಗುತ್ತಾ? ಹೌದು ಅಂತಾದರೆ ಅದು ಅನೈರ್ಮಲ್ಯದ ಕಕ್ಕಸು. ಪೂರ್ತಿ ಕೊಳೆತ ಮೇಲೆ ಅಂದರೆ ಅಲ್ಲ. ಒಂದು ರೀತಿಯಲ್ಲಿ ಆಚಾರ್ಯರ ಕಂದಕದ 60 ಡಿಗ್ರಿ ಕಾವು, ಆರು ತಿಂಗಳ ತಾಳ್ಮೆ ಕಾನೂನಿನ ಭಾಷೆಗೆ ಬಂದ ಹಾಗಾಯಿತು. ಕಾಯ್ದೆಯಲ್ಲೇ ರೈಲು ಬೋಗಿಯ ಕಕ್ಕಸಿಗೆ ಮಾತ್ರ ಒಂದು ವಿನಾಯಿತಿ ಇಟ್ಟರು, ಸಲಕರಣೆ ಮತ್ತು ರಕ್ಷಣಾ ಉಡುಪು ಕೊಟ್ಟಿದ್ದರೆ ಸರಿ ಅಂತ. ಲೋಂಡಾ ಸ್ಟೇಷನ್‌ನಲ್ಲಿ ಗಾಡಿ ಕಾಯ್ತಾ ಬೆಳೆದವನು ನಾನು. ಬೋಗಿಗಳ ಕೆಳಗೆ ಹಳಿ ಮೇಲೆ ಏನಿರುತ್ತಿತ್ತು, ಅದನ್ನ ಯಾರು ತೊಳೀತಿದ್ದರು ಅಂತ ಚೆನ್ನಾಗಿ ನೆನಪಿದೆ. ಬೋಗಿಗಳಿಗೆ ಬಯೋ ಟಾಯ್ಲೆಟ್ ಬಂದ ಮೇಲೆಯೇ ಹಳಿ ಮೇಲೆ ಬೀಳೋದು ನಿಂತಿದ್ದು.

ಈ ಕಾನೂನುಗಳ ನಡುವಿನ ಕಾಲದಲ್ಲೇ ಹೊಸ ಹೆಸರಿನಲ್ಲಿ ಹಳೇ ವಿಚಾರ ವಾಪಸ್ ಬಂತು: ಇಕೋಸ್ಯಾನ್. ಮೂತ್ರ ಒಂದು ಕಡೆ, ಮಲ ಇನ್ನೊಂದು ಕಡೆ ಬೀಳುವಂಥ ಬೇಸಿನ್. ಮಲದ ಮೇಲೆ ಒಂದು ಹಿಡಿ ಬೂದಿ. ತೊಟ್ಟಿ ನೆಲದ ಮೇಲೇ ಇರುತ್ತೆ, ಹಾಗಾಗಿ ಅಂತರ್ಜಲಕ್ಕೆ ಸೇರಲ್ಲ. ನಮ್ಮಂಥ ಮಳೆಯ ಊರಿಗೆ ಇದು ದೊಡ್ಡ ವಿಷಯ. ಖಾನಾಪುರದ ಕಡೆ ಜುಲೈನಲ್ಲಿ ಬಾವಿ ನೀರನ್ನ ಬಗ್ಗಿ ಚೊಂಬಲ್ಲಿ ಎತ್ತಬಹುದು. ಅಂಥ ನೆಲದಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ಗುಂಡಿ ಮತ್ತು ಬಾವಿ ಒಳಗೊಳಗೇ ಮಾತಾಡಿಕೊಳ್ತವೆ. ಕೇರಳದ ಕರಾವಳಿಯಲ್ಲಿ 1990ರ ದಶಕದಲ್ಲಿ ಪಾಲ್ ಕ್ಯಾಲ್ವರ್ಟ್ ಇಂಥ ಎತ್ತರದ ಕಕ್ಕಸು ಕಟ್ಟಿಸಿದ್ದು ಇದೇ ಕಾರಣಕ್ಕೆ.

ಬೆಂಗಳೂರಲ್ಲೂ ಆಯಿತು. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಪಕ್ಕದ ರಾಜೇಂದ್ರನಗರ ಕೊಳೆಗೇರಿಯಲ್ಲಿ ಆಕ್ಟ್ಸ್ ಅನ್ನೋ ಸಂಸ್ಥೆ ಸಮುದಾಯ ಕಕ್ಕಸು ಕಟ್ಟಿ, ಮೂತ್ರ, ಮಲವನ್ನ ಬೇರೆ ಬೇರೆ ಡ್ರಮ್ಮಿನಲ್ಲಿ ತುಂಬಿ ಊರಾಚೆಯ ತೋಟಕ್ಕೆ ಸಾಗಿಸಿ ಗೊಬ್ಬರ ಮಾಡಿತು. ಅದು ಹೋದದ್ದು ಬಾಳೆ ಗಿಡಕ್ಕೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಮೂತ್ರವನ್ನ ಬಾಳೆ, ಮೆಕ್ಕೆಜೋಳಕ್ಕೆ ಗೊಬ್ಬರವಾಗಿ ಹಾಕಿ ನೋಡಿದ ಸಂಶೋಧನೆ ಆಯಿತು. ತಮಿಳುನಾಡಿನ ಮುಸಿರಿಯಲ್ಲಿ ಸ್ಕೋಪ್ ಸಂಸ್ಥೆಯ ಸಾರ್ವಜನಿಕ ಇಕೋಸ್ಯಾನ್ ಕಕ್ಕಸಿನಲ್ಲಿ ಬಳಸೋರಿಗೇ ಸಲಕ್ಕೆ 10 ಪೈಸೆ ಕೊಡ್ತಿದ್ದರು. ಲೆಕ್ಕ ಸುಳ್ಳಲ್ಲ. ಒಬ್ಬ ಮನುಷ್ಯನ ವರ್ಷದ ಮೂತ್ರ ಸುಮಾರು 500 ಲೀಟರ್, ಅದರಲ್ಲಿ ಹತ್ತಿರ ಹತ್ತಿರ 4 ಕಿಲೋ ಸಾರಜನಕ. ಯೂರಿಯಾ ಚೀಲಕ್ಕೆ ಸಾಲಿನಲ್ಲಿ ನಿಲ್ಲೋ ನಮ್ಮಪ್ಪ ಕೇಳಿದರೆ ನಗ್ತಾರೆ, ಆದರೆ ನಿಜ.

ಹಾಗಾದರೆ ಯಾಕೆ ಎಲ್ಲ ಕಡೆ ಆಗಲಿಲ್ಲ? ಹೊರದೇಶದ ಎರಡು ಉದಾಹರಣೆ ಸಾಕು. ದಕ್ಷಿಣ ಆಫ್ರಿಕಾದ ಡರ್ಬನ್ ನಗರಪಾಲಿಕೆ 2000ದ ದಶಕದಿಂದ ಒಳಚರಂಡಿ ಮುಟ್ಟದ ಅಂಚಿನ ಪ್ರದೇಶಗಳಲ್ಲಿ 75 ಸಾವಿರಕ್ಕೂ ಹೆಚ್ಚು ಇಂಥ ಕಕ್ಕಸು ಕಟ್ಟಿಸಿತು. ತಂತ್ರಜ್ಞಾನ ಕೆಲಸ ಮಾಡಿತು. ಆದರೆ ಅಲ್ಲಿನ ಬಹಳಷ್ಟು ಜನಕ್ಕೆ ಅದು ಇಷ್ಟವಾಗಲಿಲ್ಲ. ಬಿಳಿಯರ ಬಡಾವಣೆಗೆ ಫ್ಲಶ್, ನಮಗೆ ಮಾತ್ರ ಬೂದಿ, ನಮ್ಮ ತೊಟ್ಟಿ ನಾವೇ ತೆಗೀಬೇಕು, ಇದೆಂಥಾ ಸಮಾನತೆ ಅನ್ನೋದು ಅವರ ಪ್ರಶ್ನೆ. ಚೀನಾದ ಎರ್ಡೋಸ್‌ನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ 832 ಫ್ಲಾಟ್‌ಗಳ ಬಹುಮಹಡಿ ಬಡಾವಣೆಗೇ ಒಣ ಕಕ್ಕಸು ಹಾಕಿದರು. ಮಧ್ಯಮ ವರ್ಗದವರಿಗೆ ವಾಸನೆ ಸಹಿಸೋಕಾಗಲಿಲ್ಲ, ದುರಸ್ತಿ ಮುಗೀಲಿಲ್ಲ, 2009ರಲ್ಲಿ ಎಲ್ಲ ಕಿತ್ತು ಫ್ಲಶ್ ಹಾಕಿದರು. ಉಳ್ಳವರು ಬೇಡ ಅಂದಾಗ ಕಿತ್ತು ಹಾಕಿದರು, ಇಲ್ಲದವರು ಬೇಡ ಅಂದಾಗ ತಿಳಿವಳಿಕೆ ಕೊಡೋಕೆ ಹೋದರು. ನಮ್ಮ ಕೊಳೆಗೇರಿಗಳಿಗೂ ಇದೇ ಮಾತು ಅನ್ವಯ. ಪರಿಸರ ಉಳಿಸೋ ಜವಾಬ್ದಾರಿಯನ್ನ ಮೊದಲು ಬಡವರ ಕಕ್ಕಸಿನಿಂದಲೇ ಯಾಕೆ ಶುರು ಮಾಡ್ತೀವಿ?

ಹಾಗಂತ ಫ್ಲಶ್ ಒತ್ತಿದ ನಾವೇನೂ ಪಾರಾಗಿಲ್ಲ. ಒಳಚರಂಡಿ ಮುಟ್ಟದ ಮನೆಗಳ ನೀರೆಲ್ಲ ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಹನಿಸಕ್ಕರ್ ಅನ್ನೋ ಲಾರಿಗೆ, ಲಾರಿಯಿಂದ ಯಾವುದೋ ಕೆರೆಗೋ ಹೊಲಕ್ಕೋ. ಬೆಂಗಳೂರು ಏರ್‌ಪೋರ್ಟ್ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಪುಟ್ಟ ಘಟಕ ಶುರುವಾಯಿತು. ಲಾರಿ ತಂದ ಹೂಳನ್ನ ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡ್ತಾರೆ. ಕಸ ಮತ್ತು ಮಲ, ಕಾವು ಮತ್ತು ಕಾಯುವಿಕೆ. ಮುಕ್ಕಾಲು ಶತಮಾನ ಸುತ್ತು ಹೊಡೆದು ಬೆಂಗಳೂರು ಪದ್ಧತಿ ಬೆಂಗಳೂರಿನ ಪಕ್ಕಕ್ಕೇ ವಾಪಸ್ ಬಂದಿದೆ. ಈ ಸಲ ಬಾಣದ ಗುರುತಿನ ಜಾಗದಲ್ಲಿ ಲಾರಿ ಮತ್ತು ಪಂಪು ಇದೆ. ಅದು ಸಣ್ಣ ವ್ಯತ್ಯಾಸ ಅಲ್ಲ. ಆದರೆ ಪಂಪು ಕಟ್ಟಿಕೊಂಡಾಗ ಟ್ಯಾಂಕಿಗೆ ಇಳಿಯೋನು ಈಗಲೂ ಅದೇ ಸಮುದಾಯದವನು. ಹಾಗೆ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಪರಿಹಾರ ಅಂತ ಹೇಳಬೇಕಾಯಿತು. ಪರಿಹಾರದ ಮೊತ್ತ ಏರಿಸಬೇಕಾಯಿತು ಅಂದರೆ ಸಾವು ನಿಂತಿರಲಿಲ್ಲ ಅಂತ ಅರ್ಥ.

ಖಾನಾಪುರದ ಗಟಾರದ ಇಳಿಜಾರು ಮಲಪ್ರಭೆಯ ಕಡೆಗೇ. ಕಣಕುಂಬಿಯಲ್ಲಿ ಹುಟ್ಟಿದ ನದಿ ಖಾನಾಪುರ ದಾಟಿ ಸವದತ್ತಿಯ ನವಿಲುತೀರ್ಥ ಜಲಾಶಯ ಸೇರಿ, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುತ್ತೆ. 'ಫ್ಲಶ್ ಮಾಡಿದ್ದು ಮಾಯ ಆಗುತ್ತೆ' ಅನ್ನೋದು ನದಿಯ ಮೇಲ್ಭಾಗದಲ್ಲಿ ಇರೋರಿಗೆ ಮಾತ್ರ ನಿಜ.

ಇಷ್ಟು ಓದಿಕೊಂಡು ಏಪ್ರಿಲ್‌ನಲ್ಲಿ ಊರಿಗೆ ಹೋದೆ. ಮಳೆಗೆ ಮುಂಚೆ ತೆಗೀಬೇಕಿತ್ತು. ಯಾರನ್ನೂ ಕರೆಸಲಿಲ್ಲ. ಸಲಿಕೆ, ಗಮ್‌ಬೂಟು, ಕೈಗವಸು ಬೆಳಗಾವಿಯಿಂದ ತಂದಿದ್ದೆ. ಅಮ್ಮ ಒಳಗಿಂದ ಬಾಗಿಲು ಹಾಕಿಕೊಂಡಳು. ಅಪ್ಪ ದೂರ ಹಲಸಿನ ಮರದ ಕೆಳಗೆ ನಿಂತರು. ಚಪ್ಪಡಿ ಸರಿಸಿ ಒಂದಿಡೀ ದಿನ ಹಾಗೇ ಬಿಟ್ಟು, ಮರುದಿನ ಬೆಳಗ್ಗೆ ಮೇಲಿಂದಲೇ ಸಲಿಕೆ ಹಾಕಿದೆ. ವಾಸನೆ ಇರಲಿಲ್ಲ. ತಿಪ್ಪೆಯ ತಳದ ಗೊಬ್ಬರ ಇರುತ್ತಲ್ಲ, ಹಗುರ, ಕಪ್ಪು, ಹಾಗೆ. ಐದಾರು ಬುಟ್ಟಿ ತೆಗೆಯೋವಷ್ಟರಲ್ಲಿ ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದರು. ಒಂದು ಹಿಡಿ ಕೈಗೆ ತಗೊಂಡು ಪುಡಿ ಮಾಡಿ ನೋಡೋ ಅವರ ಅಭ್ಯಾಸ ಅರ್ಧಕ್ಕೇ ನಿಂತಿತು. ಕೈ ಹಿಂದಕ್ಕೆಳೆದುಕೊಂಡರು. "ಮಣ್ಣೇ ಐತಲ್ಲ" ಅಂದರು.

ನನ್ನದೇನೂ ಸಾಧನೆ ಅಲ್ಲ. ನಾನು ಒಂದು ದಿನ ಮಾಡಿದೆ, ಸ್ನಾನ ಮಾಡಿದೆ, ಸೋಮವಾರ ಲಾಗಿನ್ ಆದೆ. ಅದಕ್ಕಾಗಿ ನನ್ನನ್ನ ಯಾರೂ ಬೇರೆ ಲೋಟದಲ್ಲಿ ಚಹಾ ಕುಡಿಸಲಿಲ್ಲ, ನನ್ನ ಮಗಳಿಗೆ ಶಾಲೆಯಲ್ಲಿ ಆ ಹೆಸರಿಡಲಿಲ್ಲ. ಆಫೀಸಿನಲ್ಲಿ ಹೇಳಿದಾಗ "ಸೂಪರ್ ಬ್ರೋ" ಅಂದರು. ಅದೇ ಕೆಲಸ, ಅದೇ ಸಲಿಕೆ. ಬೇರೊಬ್ಬ ಮಾಡಿದ್ದರೆ ಅವನಿಗೆ ಐನೂರು ರೂಪಾಯಿ ಕೊಟ್ಟು ಹಿಂದಿನ ದಾರಿಯಿಂದ ಕಳಿಸ್ತಿದ್ದೆವು.

ಎರಡನೇ ಗುಂಡಿ ಮುಚ್ಚಿ ಮೊದಲನೆಯದಕ್ಕೆ ನೀರು ತಿರುಗಿಸಿದ್ದೇವೆ. ತೆಗೆದ ಗೊಬ್ಬರವನ್ನ ಅಪ್ಪ ಭತ್ತದ ಗದ್ದೆಗೆ ಹಾಕೋಕೆ ಒಪ್ಪಲಿಲ್ಲ, ಹಿತ್ತಲ ತೆಂಗಿನ ಬುಡಕ್ಕೆ ಹಾಕಿದೆವು. ಆ ಮರದ ಕಾಯಿ ದೇವರಿಗೆ ಒಡೆಯೋದಿಲ್ಲ ಅಂತ ಅಮ್ಮ ಹೇಳಿದ್ದಾಳೆ. ಸಾರಿಗೆ ನಡೆಯುತ್ತಂತೆ. ಮೂರು ವರ್ಷಕ್ಕೆ ಮತ್ತೆ ಗುಂಡಿ ತುಂಬುತ್ತೆ. ಆಗ ಅಪ್ಪ ಫೋನ್ ಮಾಡಿ "ಯಾರರ ಸಿಗ್ತಾರೇನು ನೋಡು" ಅಂತಾರೋ, "ನೀ ಯಾವಾಗ ಬರ್ತಿ" ಅಂತಾರೋ, ಅದನ್ನ ಕಾಯ್ತಿದ್ದೇನೆ.